ಚುಕ್ಕಿ ಎಣಿಸುವವರ ಪಾಠ



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಒಂದು ಪತ್ರ ಬಂತು. ಬರೆದವಳು ದಾವಣಗೆರೆ ಕಡೆಯ ಹುಡುಗಿ, ಇಲ್ಲೇ ಕೋಲ್ಕತ್ತದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾಳೆ. "ಅಕ್ಕಾ, ಹಾಡು ಬೇಡ, ಒಂದು ಮಾತು ಹೇಳಿ" ಎಂದೇ ಶುರು. ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚು. ಅದಕ್ಕೇ ಕಂಪ್ಯೂಟರ್ ಗ್ರಾಫಿಕ್ಸ್ ಅನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಳಂತೆ. ಮೊದಲ ಪರೀಕ್ಷೆಯಲ್ಲಿ ಮೂವತ್ತಕ್ಕೆ ಒಂಬತ್ತು. "ಇಲ್ಲಿ ಚಿತ್ರವೇ ಇಲ್ಲ ಅಕ್ಕಾ. ಬರೀ ಮ್ಯಾಟ್ರಿಕ್ಸ್, ಬರೀ ಸೈನ್, ಕಾಸ್." ಊರಿನಿಂದ ಅಪ್ಪನ ಫೋನು: "ಸಾಲ ಮಾಡಿ ಅಷ್ಟು ದೂರ ಕಳಿಸಿದ್ದು ಚಿತ್ರ ಬರೆಯೋಕಾ? ಸುಲಭದ್ದು ತಗೊಂಡು ಒಂದು ಕೆಲಸ ಹಿಡಿ." ವಿಷಯ ಬದಲಾಯಿಸಲು ಅವಳಿಗೆ ಉಳಿದಿದ್ದದ್ದು ಹತ್ತೇ ದಿನ.

ಪತ್ರ ಓದಿ ನಾನು ಸುಮ್ಮನೆ ಕೂತೆ. ನಿಜ ಹೇಳಿಬಿಡುತ್ತೇನೆ. ನಾನು ಕನ್ನಡ ಬಿ.ಎ. ಮಾಡಿದವಳು. ಕನ್ನಡದ ಮೇಲೆ ಪ್ರೀತಿಯಿತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಇದ್ದದ್ದು ಗಣಿತದ ಹೆದರಿಕೆ. ಓಡಿಬಂದವಳು ಇನ್ನೊಬ್ಬಳಿಗೆ "ನಿಲ್ಲು" ಎನ್ನುವುದು ಹೇಗೆ? ಅದಕ್ಕೇ ಅವಳನ್ನು ಸ್ಟುಡಿಯೋಕ್ಕೆ ಕರೆದೆ. "ನೀನೇ ನನಗೆ ಪಾಠ ಮಾಡು, ಆಮೇಲೆ ಮಾತು" ಎಂದೆ.

ಬಂದಳು. ಕಾಗದದ ಮೇಲೆ ಚೌಕದ ಮನೆಗಳನ್ನು ಎಳೆದಳು. ಕಂಪ್ಯೂಟರಿನ ಪರದೆಯೆಂದರೆ ಇಷ್ಟೇ ಅಕ್ಕಾ, ಸಣ್ಣ ಸಣ್ಣ ಮನೆಗಳು. ಓರೆಗೆರೆ ಎಂಬುದೇ ಅಲ್ಲಿಲ್ಲ. ಯಾವ ಮನೆಗೆ ಬಣ್ಣ ತುಂಬಿದರೆ ಕಣ್ಣಿಗೆ ಗೆರೆಯಂತೆ ಕಾಣುತ್ತದೆ ಎಂಬುದೇ ಲೆಕ್ಕ. ಏಳು ಮನೆ ಬಲಕ್ಕೆ ಹೋಗುವಷ್ಟರಲ್ಲಿ ಮೂರು ಮನೆ ಮೇಲೇರಬೇಕು ಎಂದುಕೊಳ್ಳಿ. ಒಂದೊಂದು ಹೆಜ್ಜೆಗೂ ಮೂರು ರೂಪಾಯಿ ಸಾಲ ಸೇರುತ್ತದೆ. ಸಾಲ ಮೂರೂವರೆ ದಾಟಿದ ಕೂಡಲೇ ಒಂದು ಮನೆ ಮೇಲೇರಿ, ಸಾಲದಲ್ಲಿ ಏಳು ಕಳೆಯಬೇಕು. ಕೈಯಲ್ಲಿ ಮಾಡಿ ನೋಡಿ: ಎರಡನೇ, ನಾಲ್ಕನೇ, ಆರನೇ ಹೆಜ್ಜೆಯಲ್ಲಿ ಏರುತ್ತೀರಿ. ಏಳನೆಯದಕ್ಕೆ ಸಾಲ ಸೊನ್ನೆ! ಅರ್ಧದ ಕಾಟವೂ ಬೇಡವೆಂದರೆ ಎಲ್ಲವನ್ನೂ ಎರಡರಿಂದ ಗುಣಿಸಿಕೊಂಡರಾಯಿತು. ಈ ಉಪಾಯವನ್ನು ಐಬಿಎಂ ಕಂಪನಿಯ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದರು, 1965ರಲ್ಲಿ ಅದು ಅಚ್ಚಾಯಿತು. ಕೂಡುವುದು ಕಳೆಯುವುದು ಬಿಟ್ಟರೆ ಅದರಲ್ಲಿ ಬೇರೇನಿಲ್ಲ.

ನನಗೆ ಅಮ್ಮನ ನೆನಪಾಯಿತು. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯೂ ಹೀಗೇ ಅಲ್ಲವೇ? ಹದಿನೈದರಿಂದ ಒಂದು, ಬದಿಯ ಚುಕ್ಕಿ, ಎದುರು ಚುಕ್ಕಿ. ಒಂದು ಚುಕ್ಕಿ ತಪ್ಪಿದರೆ ಇಡೀ ಹೂವೇ ಸೊಟ್ಟ. ಇದು ನನ್ನ ಕವಿಕಲ್ಪನೆ ಅಂದುಕೊಳ್ಳಬೇಡಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು ತಮಿಳರ ಕೋಲಕ್ಕೂ ಒಂದು ವ್ಯಾಕರಣವಿದೆಯೆಂದು ತೋರಿಸಿ, ಗ್ರಾಫಿಕ್ಸ್ ಕುರಿತ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ 1974ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ವ್ಯಾಕರಣ ಎಂದ ಕೂಡಲೇ ನನಗೆ ಸ್ವಲ್ಪ ಧೈರ್ಯ ಬಂತು. ಅದು ನಮ್ಮ ಸೀಮೆ ನೋಡಿ.

ಆದರೆ ಈ ಊರಿನ ಅಲ್ಪನಾ ಬೇರೆ. ಕೋಜಾಗರಿ ಲಕ್ಷ್ಮೀಪೂಜೆಗೆ ಬಂಗಾಳಿ ಹೆಂಗಸರು ಅಕ್ಕಿಹಿಟ್ಟಿನ ನೀರಲ್ಲಿ ಬೆರಳದ್ದಿ ಲಕ್ಷ್ಮಿಯ ಪಾದ, ಬಳ್ಳಿ, ಭತ್ತದ ತೆನೆ ಬರೆಯುತ್ತಾರೆ. ಚುಕ್ಕಿಯ ಹಂಗಿಲ್ಲ, ಕೈ ಹರಿದತ್ತ ಗೆರೆ. ಇಂಥ ಬಾಗಿದ ಗೆರೆಗೂ ಲೆಕ್ಕವಿದೆಯಂತೆ. ಮೂರು ಬಿಂದು ಇಡಿ. ಒಂದು ಮತ್ತು ಎರಡರ ನಡುವಣ ಬಿಂದು ಗುರುತಿಸಿ, ಎರಡು ಮತ್ತು ಮೂರರ ನಡುವಣದ್ದೂ ಗುರುತಿಸಿ. ಈ ಎರಡರ ನಡುವಣ ಬಿಂದು ಬಾಗುಗೆರೆಯ ಮೇಲೇ ಬೀಳುತ್ತದೆ. ಹಾಗೇ ಮುಂದುವರಿಸಿದರೆ ಬಳ್ಳಿ ಮೂಡುತ್ತದೆ. ಫ್ರಾನ್ಸಿನ ಎರಡು ಕಾರು ಕಂಪನಿಗಳಲ್ಲಿದ್ದ ದ ಕ್ಯಾಸ್ಟೆಲ್‌ಜೋ ಮತ್ತು ಬೆಜಿಯೆ ಎಂಬಿಬ್ಬರು ಕಾರಿನ ಮೈ ಬಳುಕಿಸಲು ಬೇರೆ ಬೇರೆಯಾಗಿ ಕಂಡುಕೊಂಡ ದಾರಿ ಇದು. ಇವತ್ತು ನಿಮ್ಮ ಮೊಬೈಲಿನ ಕನ್ನಡ ಅಕ್ಷರಗಳ ಅಂಚೂ ಇಂಥ ಗೆರೆಗಳದ್ದೇ. ಬಂಗಾಳಿ ಅಕ್ಷರಗಳು ಒಂದೇ ತಲೆಗೆರೆಗೆ ಸಾಲಾಗಿ ನೇತುಬಿದ್ದಿರುತ್ತವೆ. ನಮ್ಮವೋ, ಹಲವಕ್ಕೆ ತಮ್ಮದೇ ತಲೆಕಟ್ಟು, ಮೈಯೆಲ್ಲ ದುಂಡು. ಬಾಗುಗೆರೆಯ ಗಣಿತ ಕಲಿಯಲು ಕನ್ನಡದವರಿಗಿಂತ ಹಕ್ಕುದಾರರು ಯಾರು ಹೇಳಿ?

ಹಾಗೆ ನೋಡಿದರೆ ಅವಳು ಬಂದಿರುವ ಊರೂ ಸಾಮಾನ್ಯದ್ದಲ್ಲ. ದೇಶಕ್ಕೆ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದದ್ದು ಇಲ್ಲಿಗೇ. ಬಾರಾನಗರದಲ್ಲಿ ಮಹಲಾನೊಬಿಸರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರ ತರಿಸಿತು. ಆಮೇಲೆ ಅದೇ ಸಂಸ್ಥೆ, ಜಾದವಪುರ ವಿಶ್ವವಿದ್ಯಾಲಯದ ಜೊತೆ ಸೇರಿ ತಾನೇ ಒಂದು ಕಂಪ್ಯೂಟರ್ ಕಟ್ಟಿತು. 1966ರಲ್ಲಿ ಕೆಲಸಕ್ಕಿಳಿದ ಅದರ ಹೆಸರು ಐಎಸ್‌ಐಜೆಯು-1. ಅಕ್ಷರ ಬರೆಯುವುದು ದೊಡ್ಡವರ ಕಸುಬಲ್ಲ ಎನ್ನುವವರಿಗೂ ಈ ಊರಲ್ಲೇ ಉತ್ತರವಿದೆ. ಸತ್ಯಜಿತ್ ರಾಯ್ ಸಿನಿಮಾಕ್ಕೆ ಬರುವ ಮೊದಲು ಇಲ್ಲಿನ ಜಾಹೀರಾತು ಕಂಪನಿಯಲ್ಲಿ ಚಿತ್ರ, ಅಕ್ಷರ ಬರೆಯುತ್ತಿದ್ದವರು. 'ರೇ ರೋಮನ್' ಎಂಬ ಇಂಗ್ಲಿಷ್ ಅಕ್ಷರವಿನ್ಯಾಸವನ್ನೇ ಮಾಡಿದವರು.

ಎಲ್ಲ ಹೇಳಿ ಮುಗಿಸಿದ ಹುಡುಗಿ ಲ್ಯಾಪ್‌ಟಾಪ್ ತೆರೆದಳು. ತಾನೇ ಬರೆದ ಪ್ರೋಗ್ರಾಮ್. ಕೀಲಿ ಒತ್ತಿದಳು. ಪರದೆಯ ಮೇಲೆ ಒಂದು 'ರ' ಬಂತು. ಅಂಚು ಗರಗಸದ ಹಲ್ಲಿನಂತೆ, ತಲೆಕಟ್ಟು ಒಂದಿಷ್ಟು ಸರಿದು ಕೂತಿತ್ತು. ಇನ್ನೊಂದು ಕೀಲಿ ಒತ್ತಿದಾಗ ಆ 'ರ' ಮೆಲ್ಲಗೆ ತಿರುಗತೊಡಗಿತು. "ಇದೇ ಅಕ್ಕಾ, ಆ ಸೈನ್, ಕಾಸ್" ಎಂದಳು. ಎಂದವಳೇ ತನ್ನ ಮಾತಿಗೆ ತಾನೇ ಬೆರಗಾಗಿ ನಿಂತಳು.

ನಾನಾಗ ಹೇಳಿದ್ದು ಇಷ್ಟು: "ತಂಗೀ, ಬಿಡುವುದಾದರೆ ಬಿಡು, ತಪ್ಪಿಲ್ಲ. ಆದರೆ ಇಷ್ಟವಿಲ್ಲವೆಂದು ಬಿಡು, ಹೆದರಿ ಬಿಡಬೇಡ. ಹೆದರಿ ಬಿಟ್ಟದ್ದು ಮೂವತ್ತು ದಾಟಿದರೂ ಬೆನ್ನು ಬಿಡುವುದಿಲ್ಲ. ನನ್ನನ್ನು ಕೇಳು."

ಹತ್ತು ದಿನ ಕಳೆದವು. ಅವಳು ಬಿಟ್ಟಿಲ್ಲ. ಎರಡನೇ ಪರೀಕ್ಷೆ ಇನ್ನೂ ಆಗಬೇಕು. ಏನಾಗುತ್ತದೋ ನಾನು ಭವಿಷ್ಯ ಹೇಳಲಾರೆ.

ಈ ಮಾತಿನ ಅಚ್ಚುಪ್ರತಿಯನ್ನು ಅವಳು ಊರಿಗೆ ಕಳಿಸುತ್ತಾಳಂತೆ. ಹಾಗಾಗಿ ಕೊನೆಯ ಮಾತು ದಾವಣಗೆರೆಯ ಆ ಯಜಮಾನರಿಗೆ. ಅಣ್ಣಾ, ನಿಮ್ಮ ಆತಂಕ ಸಣ್ಣದಲ್ಲ. ಸಾಲದ ಕಂತು ಕಟ್ಟುವವರಿಗೇ ಅದರ ಭಾರ ಗೊತ್ತು. ಆದರೆ ನಿಮ್ಮ ಮಗಳು ಕಲಿಯುತ್ತಿರುವುದು ಬರೀ ಚಿತ್ರವಲ್ಲ. ಆಸ್ಪತ್ರೆಯ ಸ್ಕ್ಯಾನ್ ಅನ್ನು ವೈದ್ಯರು ಪರದೆಯ ಮೇಲೆ ತಿರುಗಿಸಿ ನೋಡುವುದು, ಎಂಜಿನಿಯರು ಸೇತುವೆಯನ್ನು ಕಟ್ಟುವ ಮೊದಲೇ ಕಾಣುವುದು ಇದೇ ಲೆಕ್ಕದಿಂದ. ಆಟದ ಚಿತ್ರಗಳಿಗೆಂದು ಬೆಳೆಸಿದ ಗ್ರಾಫಿಕ್ಸ್ ಚಿಪ್ಪುಗಳ ಮೇಲೇ ಇವತ್ತಿನ ಕೃತಕ ಬುದ್ಧಿಮತ್ತೆಯೂ ನಡೆಯುತ್ತಿದೆ. ಕೆಲಸ ಸಿಗುತ್ತದೆಂದು ನಾನು ಬರೆದುಕೊಡಲಾರೆ. ಆ 'ರ' ತಿರುಗಿದಾಗ ಅವಳ ಮುಖ ಹೇಗಿತ್ತೆಂದು ಮಾತ್ರ ಹೇಳಬಲ್ಲೆ. ಮುಂದಿನ ಸಲ ಅವಳು ಊರಿಗೆ ಬಂದಾಗ ಲ್ಯಾಪ್‌ಟಾಪ್ ತೆರೆಸಿ ನೀವೂ ಒಮ್ಮೆ ನೋಡಿ.