ಬಾಯಲ್ಲಿ ಉಳಿದ ಚರಿತ್ರೆ: ಮಾಲಿಯ ಜೆಲಿಗಳು, ನಮ್ಮ ಹೆಳವರು

(ಹಾರನಹಳ್ಳಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ತರಗತಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದಕ್ಕೆ ಹೋಗುತ್ತಾ ಎಷ್ಟು ಹೆಸರು ಗೊತ್ತೋ ಅಷ್ಟನ್ನು ಬರೆಯಿರಿ ಎಂದೆ. ಹೆಚ್ಚಿನವರದು ಮೂರಕ್ಕೆ ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ನಿಮ್ಮದು ಎಷ್ಟು?" ಎಂದು ಕೇಳಿದ. ನನ್ನದು ನಾಲ್ಕು. ಬಿ.ಎಡ್. ಮಾಡಿ ಎರಡು ಭಾಷೆ ಕಲಿಸುವವಳ ಸ್ಥಿತಿ ಇದು. ಆ ನಾಚಿಕೆಯಿಂದಲೇ ಇಂದಿನ ವಿಷಯ ಹುಟ್ಟಿತು.

ನಮ್ಮೂರಿನ ಚೆನ್ನಕೇಶವ ದೇವಾಲಯ 1230ರ ದಶಕದ್ದು. ಅದನ್ನು ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಅಣ್ಣತಮ್ಮಂದಿರು. ಸುಮಾರು ಎಂಟುನೂರು ವರ್ಷಗಳಾದರೂ ಅವರ ಹೆಸರು ನಮಗೆ ಗೊತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1235ರ ಸುಮಾರಿಗೆ, ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಜನರ ನಾಡಿನಲ್ಲಿ ಸುಂಜಾತಾ ಕೇಯ್ತಾ ಎಂಬ ವೀರ ಕಿರಿನಾ ಯುದ್ಧದಲ್ಲಿ ಸೊಸ್ಸೋ ದೊರೆ ಸುಮಾವೊರೋ ಕಾಂತೆಯನ್ನು ಸೋಲಿಸಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ. ಮುಂದೆ ಇಬ್ನ್ ಖಲ್ದೂನ್ ಅವನ ಬಗ್ಗೆ ಒಂದಿಷ್ಟು ಬರೆದರು. ಉಳಿದ ಕಥೆಯೆಲ್ಲ ಜೆಲಿಗಳ ಬಾಯಲ್ಲಿ ಬಂದದ್ದು.

ಜೆಲಿ ಎಂದರೆ ವಂಶಪಾರಂಪರ್ಯವಾಗಿ ಚರಿತ್ರೆ ಹೇಳುವವರು. ಕುಯಾತೆ, ಜಬಾತೆ ಮುಂತಾದ ಮನೆತನಗಳು ಈ ಕೆಲಸಕ್ಕೇ ಹೆಸರಾಗಿವೆ. ದೊಡ್ಡ ಸೋರೆ ಬುರುಡೆಯ ಅರ್ಧಕ್ಕೆ ಚರ್ಮ ಬಿಗಿದು 21 ತಂತಿ ಕಟ್ಟಿದ ವಾದ್ಯ ಕೋರಾ. ಮರದ ಪಟ್ಟಿಗಳ ಕೆಳಗೆ ಸಣ್ಣ ಬುರುಡೆಗಳನ್ನು ಕಟ್ಟಿ ಬಾರಿಸುವುದು ಬಾಲಫೋನ್. ಗಂಡಸರು ಇವನ್ನು ನುಡಿಸುತ್ತಾ ಕಥೆ ಹೇಳುತ್ತಾರೆ, ಹೆಂಗಸರು ಹಾಡುತ್ತಾರೆ. ಮದುವೆ, ನಾಮಕರಣ ಎಲ್ಲಕ್ಕೂ ಅವರು ಬೇಕು. ಮಾಲಿಯ ಕಂಗಾಬಾದಲ್ಲಿ ಕಮಾಬ್ಲೋನ್ ಎಂಬ ಗುಡಿಸಲಿದೆ. ಏಳು ವರ್ಷಕ್ಕೊಮ್ಮೆ ಅದಕ್ಕೆ ಹೊಸ ಹುಲ್ಲು ಹೊದಿಸುವಾಗ ಜೆಲಿಗಳು ಹಳೆಯ ಚರಿತ್ರೆಯನ್ನು ಹೇಳುತ್ತಾರೆ. ಸೂರು ಹೊಸದಾಗುವಾಗ ಕಥೆಯೂ ಇನ್ನೊಮ್ಮೆ ಕಿವಿಗೆ ಬೀಳುತ್ತದೆ. ನನಗೆ ಬಹಳ ಹಿಡಿಸಿದ ಪದ್ಧತಿ ಇದು.

ಮಾಂಡಿಂಗ್ ಜನ ಬಹುಪಾಲು ಮುಸ್ಲಿಮರು. ಕೇಯ್ತಾ ವಂಶದ ಮೂಲವನ್ನು ಜೆಲಿಗಳು ಹಜ್ರತ್ ಬಿಲಾಲರವರೆಗೆ ಒಯ್ಯುತ್ತಾರೆ. ಇತಿಹಾಸಕಾರರು ಇದನ್ನು ದಾಖಲೆಯಾಗಿ ಸ್ವೀಕರಿಸುವುದಿಲ್ಲ, ನಾನೂ ಸ್ವೀಕರಿಸೆಂದು ಹೇಳುವುದಿಲ್ಲ. ಆದರೆ ಆ ಜನ ಯಾರನ್ನು ತಮ್ಮ ಹಿರಿಯರೆಂದು ಆರಿಸಿಕೊಂಡರು ನೋಡಿ!

ಈ ಜೆಲಿಗಳನ್ನು ಕಣ್ಣಾರೆ ಕಂಡು ಬರೆದವರು ನಮ್ಮ ಕರ್ನಾಟಕಕ್ಕೂ ಬಂದಿದ್ದ ಇಬ್ನ್ ಬತೂತಾ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದರು. (ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ಬಿಡಿಸುವ ಪಾಲಕರು ಈ ಲೆಕ್ಕವನ್ನು ಗಮನಿಸಬೇಕು.) ಹತ್ತು ವರ್ಷದ ನಂತರ, 1352–53ರಲ್ಲಿ, ಅವರು ಮಾಲಿಯಲ್ಲಿದ್ದರು. ಹಬ್ಬದ ದಿನ ಕವಿಗಳು ಹಕ್ಕಿಯ ಗರಿಯ ವೇಷ ತೊಟ್ಟು ಸುಲ್ತಾನನ ಮುಂದೆ ನಿಂತು, ನೀನು ಕೂತ ಈ ಪೀಠದ ಮೇಲೆ ಹಿಂದೆ ಇಂಥವರು ಕೂತಿದ್ದರು, ಇಂಥ ಒಳ್ಳೆಯದು ಮಾಡಿದರು, ನೀನೂ ಮಾಡು ಎಂಬ ಅರ್ಥದಲ್ಲಿ ಹೇಳುತ್ತಿದ್ದರಂತೆ. ಬತೂತಾ ಅವರಿಗೆ ಆ ವೇಷ ನಗೆ ತರಿಸಿತು. ನನಗೆ ಮಾತ್ರ ಆ ಕವಿಗಳ ಧೈರ್ಯವೇ ದೊಡ್ಡದಾಗಿ ಕಾಣುತ್ತದೆ.

ಇಂಥವರು ನಮ್ಮಲ್ಲಿ ಇಲ್ಲವೇ ಎಂದರೆ, ಇದ್ದಾರೆ. ಅವರೇ ಹೆಳವರು. ಎತ್ತು, ಗಾಡಿ ಕಟ್ಟಿಕೊಂಡು ಊರೂರು ತಿರುಗಿ, ತಮಗೆ ಸೇರಿದ ಒಕ್ಕಲು ಮನೆತನಗಳ ಮುಂದೆ ನಿಂತು ವಂಶಾವಳಿ ಹೇಳುವವರು. ನಿಮ್ಮ ಮೂಲ ಊರು ಯಾವುದು, ಯಾರು ಎಲ್ಲಿಂದ ವಲಸೆ ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲವನ್ನೂ ರಾಗವಾಗಿ ಹೇಳುತ್ತಾರೆ. ಮನೆಯವರು ಕಾಳು, ಬಟ್ಟೆ, ಪಾತ್ರೆ, ಕೆಲವೊಮ್ಮೆ ದನವನ್ನೇ ಕೊಡುತ್ತಾರೆ. ಈಗ ಹಲವರು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಅದನ್ನು ತಪ್ಪೆನ್ನಲಾಗದು. ಬೇಡಲು ಬಂದವರು ಎಂದು ಬಾಗಿಲು ಹಾಕುವವರ ಮುಂದೆ ಯಾರು ತಾನೇ ಹಾಡಿಯಾರು?

ಆಫ್ರಿಕಾ ಎಂದೊಡನೆ ನಿಮಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ನೆನಪಾಗಿರಬಹುದು. ಅವರ ಹಿರಿಯರು ಬಹುಪಾಲು ಪೂರ್ವ ಆಫ್ರಿಕಾದವರು, ಮಾಂಡಿಂಗರಲ್ಲ. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ಸಂತತಿಯೂ ಅವರಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಡಮಾಮಿ ಎಂಬ ಅವರ ಕುಣಿತ, ಡಮಾಮ್ ವಾದ್ಯದ ಪೆಟ್ಟು ಇಂದಿಗೂ ಇವೆ. ಹೋದದ್ದು ಹೆಸರುಗಳು. ಮನುಷ್ಯನನ್ನು ಮಾರಿದವನು ಅವನ ಅಜ್ಜನ ಹೆಸರನ್ನು ರಸೀದಿಯಲ್ಲಿ ಬರೆಯುವುದಿಲ್ಲ. ಅವರ ವಂಶಾವಳಿ ಹೇಳಲು ಜೆಲಿಯೂ ಜೊತೆಗೆ ಬರಲಿಲ್ಲ, ಹೆಳವನೂ ಸಿಗಲಿಲ್ಲ. ನಮ್ಮಿಂದ ಹೆಸರುಗಳನ್ನು ಯಾರೂ ಕಸಿದುಕೊಂಡಿಲ್ಲ, ನಾವೇ ಕೇಳದೆ ಬಿಟ್ಟಿದ್ದೇವೆ.

ನಮ್ಮ ದಖನಿ ಭಾಷೆಯಲ್ಲೂ ಚಕ್ಕಿನಾಮಾಗಳಿದ್ದವು. ಬಿಜಾಪುರದ ಸೂಫಿಗಳ ಕಾಲದಲ್ಲಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳು ಅವು. ನಮ್ಮ ನಾನಿಗೆ ಎಂಬತ್ತು ದಾಟಿದೆ. ಈ ಭಾಷಣಕ್ಕೆ ತಯಾರಿ ಮಾಡುವಾಗ ಅವರ ಪಕ್ಕ ಕೂತು ಕೇಳಿದೆ. ನೇರವಾಗಿ ಕೇಳಿದರೆ ಒಂದು ಹೆಸರೂ ನೆನಪಾಗಲಿಲ್ಲ. "ನಿಮ್ಮ ಮದುವೆಯಲ್ಲಿ ಏನು ಹಾಡಿದರು ನಾನಿ?" ಎಂದಾಗ ಹಾಡತೊಡಗಿದರು. ಆ ಹಾಡಿನ ನಡುವೆ ನಾನು ಎಂದೂ ಕೇಳಿರದ ಮೂರು ಹೆಸರು, ಒಂದು ಊರು ಬಂದವು. ನಾಲ್ಕು ಏಳಾಯಿತು.

ಆದ್ದರಿಂದ ಮಕ್ಕಳೇ, ಬೇಸಿಗೆ ರಜೆಯ ಕೆಲಸ ಇದು. ಅಜ್ಜಿಯ ಹತ್ತಿರ ಹೆಸರು ಕೇಳಬೇಡಿ, ಹಾಡು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯಿರಿ. ಜೂನ್ ಮೊದಲ ವಾರ ನೋಟ್‌ಬುಕ್ ನನ್ನ ಮೇಜಿನ ಮೇಲಿರಲಿ.