ಹಳೆ ಜೀಪಿಗೆ ಬೇರೆ ಎಂಜಿನ್ ಬೇಕೇ?

ಹಳೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸೋಣವೇ ಎಂದು ಮಂಗಳೂರಿನ ಗ್ಯಾರೇಜಿಗೆ ಬಂದವರು ಕೇಳುವುದುಂಟು. ಮಹೀಂದ್ರಾದವರು 1947ರಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿಗೆ ಇದ್ದುದು 2.2 ಲೀಟರಿನ ಪೆಟ್ರೋಲ್ ಎಂಜಿನ್. ಡೀಸೆಲ್ ಹಾಕಿದರೆ ಎಣ್ಣೆಯ ಖರ್ಚು ಇಳಿದೀತು, ನಿಜ. ಆದರೆ ಅದರ ಭಾರ ಹೆಚ್ಚು. ಮುಂದಿನ ಸ್ಪ್ರಿಂಗು, ಬ್ರೇಕು, ಗೇರುಪೆಟ್ಟಿಗೆ ತಾಳಬೇಕಲ್ಲ? ಘಟ್ಟ ಇಳಿಯುವಾಗ ಬ್ರೇಕು ಸಾಲದಿದ್ದರೆ ಉಳಿಸಿದ ದುಡ್ಡು ಯಾರಿಗೆ?

ವಾರಕ್ಕೊಮ್ಮೆ ಅಡಿಕೆ ಪೇಟೆಗೆ ಒಯ್ಯುವ ಜೀಪಾದರೆ ಹಳೆ ಎಂಜಿನನ್ನೇ ರಿಪೇರಿ ಮಾಡಿಸಿ. ದಿನವೂ ಓಡುವುದಾದರೆ ಮಾತ್ರ ಬದಲಾವಣೆಯ ಲೆಕ್ಕ ಹಾಕಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಮುಂಚಿತ ಒಪ್ಪಿಗೆ ಬೇಕು. ಆರ್.ಸಿ.ಗೂ ಎಂಜಿನಿಗೂ ತಾಳೆಯಾಗದಿದ್ದರೆ ವಿಮೆಯೂ ಕೈಕೊಟ್ಟೀತು. ಮೊದಲು ಆರ್.ಟಿ.ಒ. ಕಚೇರಿ, ಆಮೇಲೆ ಗ್ಯಾರೇಜು.