ಒಡೆದು ಬಿಟ್ಟ ಮೊಟ್ಟೆ



ನಿನ್ನೆ ನಾವು 'ಮೊಟ್ಟೆ' ಎಂದು ಬರೆದೆವು. ಟ ಅಕ್ಷರಕ್ಕೆ ಒತ್ತು ಕೊಟ್ಟೆವು. ಇವತ್ತು ಆ ಮೊಟ್ಟೆಯನ್ನೇ ಒಲೆಗೆ ಹಾಕೋಣ. ಮೊಟ್ಟೆ ತಿನ್ನದವರೂ ಇಲ್ಲಿದ್ದೀರಿ. ಬೇಸರ ಬೇಡ, ಓದುವುದಕ್ಕೆ ಬನ್ನಿ.

ಚಿಪ್ಪಿನ ಸಮೇತ ಬೇಯಿಸೋದು ನಮಗೆಲ್ಲ ಗೊತ್ತು. ಎಣ್ಣೆ ಹಾಕಿ ಆಮ್ಲೆಟ್ ಮಾಡೋದೂ ಗೊತ್ತು. ಇನ್ನೊಂದು ರೀತಿ ಇದೆ. ಚಿಪ್ಪು ಒಡೆದು ಬಿಸಿನೀರಿಗೆ ಬಿಡೋದು. ಎಣ್ಣೆ ಒಂದು ಹನಿಯೂ ಬೇಡ. ಇಂಗ್ಲಿಷಿನಲ್ಲಿ ಇದಕ್ಕೆ ಪೋಚ್ ಅಂತಾರೆ. ಹೆಸರು ಹೊಸದು, ಕೆಲಸ ಹಳೆಯದು. ಸಾರಿಗೆ ನಾವು ಮೊಟ್ಟೆ ಒಡೆದು ಬಿಡೋದಿಲ್ಲವೇ? ಅದೇ ಇದು.

ಮೊದಲು ಮೊಟ್ಟೆಯನ್ನು ತಣ್ಣೀರಿಗೆ ಬಿಟ್ಟು ನೋಡಿ. ತಳದಲ್ಲಿ ಅಡ್ಡ ಮಲಗಿದರೆ ತಾಜಾ. ನೆಟ್ಟಗೆ ನಿಂತರೆ ಹಳೆಯದು. ತೇಲಿದರೆ ಬಹಳ ಹಳೆಯದು, ತಿನ್ನಬೇಡಿ. ಯಾಕೆ ತೇಲುತ್ತೆ? ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ದಿನ ಕಳೆದ ಹಾಗೆ ಒಳಗಿನ ನೀರು ಆರಿ ಗಾಳಿ ಸೇರುತ್ತೆ. ಬಿಳಿಯೂ ತೆಳ್ಳಗಾಗುತ್ತೆ. ಅಂಥದ್ದನ್ನು ಒಡೆದು ಬಿಟ್ಟರೆ ನೀರೆಲ್ಲ ನೂಲು ನೂಲು! ತಾಜಾ ಮೊಟ್ಟೆಯ ಬಿಳಿ ಹಳದಿಯನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತೆ.

ಅಗಲವಾದ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಇಡಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ. ಸೌದೆ ಒಲೆಯಾದರೆ ಎರಡು ಕೊಳ್ಳಿ ಹೊರಗೆ ಎಳೆಯಿರಿ. ನೀರು ಕೊತಕೊತ ಅನ್ನಬಾರದು. ಸಣ್ಣ ಗುಳ್ಳೆ ಏಳ್ತಿರಬೇಕು, ಅಷ್ಟೇ. ಒಂದು ಚಮಚ ನಿಂಬೆರಸ ಹಾಕಿ. ಹುಳಿ ಇದ್ದರೆ ಬಿಳಿ ಬೇಗ ಗಟ್ಟಿಯಾಗುತ್ತೆ. ಸಾರಿಗೇ ಬಿಡೋದಾದರೆ ನಿಂಬೆ ಬೇಡ, ಹುಣಸೆಹುಳಿ ಸಾಕು.

ಮೊಟ್ಟೆಯನ್ನು ನೇರ ಪಾತ್ರೆಗೆ ಒಡೆಯಬೇಡಿ. ಬಟ್ಟಲಿಗೆ ಒಡೆಯಿರಿ. ಕೆಟ್ಟಿದ್ದರೆ ಒಂದು ಮೊಟ್ಟೆ ಹೋಯಿತು, ಸಾರು ಉಳಿಯಿತು. ಬಟ್ಟಲನ್ನು ನೀರಿನ ಹತ್ತಿರ ತಂದು ಮೆಲ್ಲಗೆ ಜಾರಿಸಿ. ಸೌಟು ಆಡಿಸಬೇಡಿ. ಇದೇ ಕಷ್ಟ, ನಮ್ಮ ಕೈ ಸುಮ್ಮನಿರೋದಿಲ್ಲ!

ಮೂರು ನಾಲ್ಕು ನಿಮಿಷಕ್ಕೆ ಬಿಳಿ ಗಟ್ಟಿಯಾಗುತ್ತೆ. ಹಳದಿ ಇನ್ನೂ ಹಸಿ ಇರುತ್ತೆ. ಕೆಲವರು ಹಾಗೇ ತಿಂತಾರೆ. ನಮ್ಮ ಮನೆಗೆ ಅದು ಬೇಡ. ಹಸಿ ಹಳದಿಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು. ಅದರಿಂದ ಜ್ವರ, ವಾಂತಿ, ಭೇದಿ ಬರುತ್ತೆ. ಬಸುರಿಯರಿಗೆ, ಮಕ್ಕಳಿಗೆ, ಮುದುಕರಿಗೆ ಅಪಾಯ ಹೆಚ್ಚು. ತಟ್ಟೆ ಮುಚ್ಚಿ, ಒಟ್ಟು ಆರೇಳು ನಿಮಿಷ ಬಿಡಿ. ಹಳದಿಯೂ ಗಟ್ಟಿಯಾಗಲಿ.

ಸರಿ, ಬೆಂದ ಮೊಟ್ಟೆ ಯಾರ ತಟ್ಟೆಗೆ? ಯಜಮಾನರಿಗೆ ಒಂದು, ಮಗನಿಗೆ ಒಂದು. ನಮಗೆ ಬರೀ ಸಾರು! ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಮೈ ಬೆಳೆಯೋದಕ್ಕೆ, ಶಕ್ತಿಗೆ ಅದು ಬೇಕು. ಬಸುರಿಗೆ, ಹಾಲೂಡಿಸುವ ತಾಯಿಗೆ ಇನ್ನೂ ಹೆಚ್ಚು ಬೇಕು. 2017ರಲ್ಲಿ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೊಡುವ ಊಟಕ್ಕೆ ಮೊಟ್ಟೆ ಸೇರಿಸಿದ್ದು ಇದಕ್ಕೇ.

ಮನೆಯಲ್ಲಿ ಐದು ಜನ ಇದ್ದರೆ ಐದು ಮೊಟ್ಟೆ ಒಡೆಯೋಣ. ಲೆಕ್ಕದಲ್ಲಿ ನಮ್ಮನ್ನೂ ಸೇರಿಸಿಕೊಳ್ಳೋಣ. ಅಷ್ಟು ದುಡ್ಡಿಲ್ಲವೇ? ಗಟ್ಟಿ ಬೆಂದ ಮೊಟ್ಟೆಯನ್ನು ಎರಡು ಹೋಳು ಮಾಡಬಹುದು. ಮೂರು ಮೊಟ್ಟೆಗೆ ಆರು ಹೋಳು. ಐದು ಜನಕ್ಕೆ ಹಂಚಿದ ಮೇಲೆ ಒಂದು ಹೋಳು ಮಿಕ್ಕುತ್ತೆ. ಮನೆಯಲ್ಲಿ ಬಸುರಿ ಇದ್ದರೆ ಅದು ಅವಳಿಗೆ.